ಅಪ್ಪನ ಕಣ್ಣಿಗೆ "ಇನ್ನು ಮಾಡೋಕೆ ಏನೂ ಇಲ್ಲ" ಅಂದಿದ್ದಾರೆ. ಮುಂದೆ ಯಾರನ್ನು ಕೇಳಬೇಕು?

ಮುಸ್ಸಂಜೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಅಪ್ಪನಿಗೆ 64 ವರ್ಷ. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಹತ್ತು ವರ್ಷದಿಂದ ಹನಿ ಹಾಕುತ್ತಿದ್ದರು, ಒಂದು ಕಣ್ಣಿಗೆ ಆಪರೇಷನ್ನೂ ಆಗಿದೆ. ಹೋದ ತಿಂಗಳು ಡಾಕ್ಟರು ರಿಪೋರ್ಟ್ ನೋಡಿ, "ಹೋದ ದೃಷ್ಟಿ ವಾಪಸ್ ಬರಲ್ಲ, ಇನ್ನು ಮಾಡೋಕೆ ಏನೂ ಇಲ್ಲ" ಅಂದರು. ಐದು ನಿಮಿಷದಲ್ಲಿ ಮುಗಿಯಿತು. ಹೊರಗೆ ಲಿಫ್ಟ್ ಹತ್ತಿರ ನಿಂತಾಗ ಅಪ್ಪ ಕೇಳಿದ್ದು ಒಂದೇ ಮಾತು: "ಮತ್ತೆ ಯಾವಾಗ ಬರಬೇಕಂತೆ?" ನನಗೂ ಗೊತ್ತಿರಲಿಲ್ಲ.

ಇನ್ನೊಂದು ಗೊಂದಲ. ಅಪ್ಪ ಮೊಬೈಲಿನ ಸಣ್ಣ ಅಕ್ಷರ ಈಗಲೂ ಓದುತ್ತಾರೆ. ಆದರೆ ಎದುರಿಗಿರುವ ಸ್ಟೂಲಿಗೆ ಎಡವುತ್ತಾರೆ. "ಓದೋಕೆ ಕಾಣುತ್ತೆ, ಸ್ಟೂಲ್ ಕಾಣಲ್ವಾ?" ಅಂತ ನೆಂಟರೊಬ್ಬರು ಮುಖಕ್ಕೇ ಅಂದುಬಿಟ್ಟರು. ತಮ್ಮ ಪ್ರೀತಿಯಿಂದ ದೊಡ್ಡ ಭೂತಗನ್ನಡಿ ತಂದುಕೊಟ್ಟ. ಅದರಲ್ಲಿ ಓದುವುದು ಇನ್ನೂ ಕಷ್ಟ ಅಂತ ಅಪ್ಪ ಎತ್ತಿಟ್ಟರು.

ನೆಟ್‌ನಲ್ಲಿ ಹುಡುಕಿದರೆ ಒಂದೋ ಕಣ್ಣಾಸ್ಪತ್ರೆ ಬರುತ್ತದೆ, ಇಲ್ಲಾ ಅಂಧ ಮಕ್ಕಳ ಶಾಲೆ, ಇಲ್ಲಾ ದೃಷ್ಟಿ ವಾಪಸ್ ತರಿಸುತ್ತೇವೆ ಅನ್ನುವ ವೀಡಿಯೊ. ಅಪ್ಪನಂಥವರಿಗೆ ಅಂತ ಏನಾದರೂ ಇದೆಯಾ? ಯಾರ ಹತ್ತಿರ ಹೋಗಬೇಕು, ಏನಂತ ಕೇಳಬೇಕು?

ಕೋಲುಹಿಡಿದವ
ಅಕ್ಕ, ಆ ಲಿಫ್ಟ್ ಹತ್ತಿರದ ಜಾಗ ನನಗೂ ಗೊತ್ತು. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ಹಾಳಾಗುವ ಕಾಯಿಲೆ. ಮೊದಲು ರಾತ್ರಿ ಕಾಣುವುದು ನಿಂತಿತು, ಆಮೇಲೆ ಸುತ್ತಲಿಂದ ಮುಚ್ಚುತ್ತಾ ಬಂತು. 23ನೇ ವಯಸ್ಸಿಗೆ ಇದೇ ಮಾತು ಕೇಳಿಸಿಕೊಂಡೆ. ಈಗ 41.

ಡಾಕ್ಟರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಔಷಧಿ, ಆಪರೇಷನ್ ಅವರ ಇಲಾಖೆ. ಇರುವ ದೃಷ್ಟಿಯಲ್ಲಿ, ಅಥವಾ ಇಲ್ಲದ ದೃಷ್ಟಿಯಲ್ಲಿ, ಬದುಕುವುದನ್ನು ಕಲಿಸುವವರು ಬೇರೆ. ಎಷ್ಟೋ ಸಲ ಇವರ ಫೋನ್ ನಂಬರ್ ಅವರ ಹತ್ತಿರ ಇರುವುದೇ ಇಲ್ಲ.

ಹುಡುಕುವಾಗ "ಕಣ್ಣು", "ಚಿಕಿತ್ಸೆ" ಅನ್ನುವ ಪದಗಳನ್ನು ಬಿಟ್ಟುಬಿಡಿ. ಅವು ನಿಮ್ಮನ್ನು ತಿರುಗಿ ಆಸ್ಪತ್ರೆಗೋ, ಆ ವೀಡಿಯೊಗಳಿಗೋ ಕರೆದುಕೊಂಡು ಹೋಗುತ್ತವೆ. ಮೂರು ಪದ ನೆನಪಿಡಿ: ಲೋ ವಿಷನ್ ಕ್ಲಿನಿಕ್ (ಉಳಿದ ದೃಷ್ಟಿ ಬಳಸಲು ನೆರವಾಗುವ ಕಡೆ), ರಿಹ್ಯಾಬಿಲಿಟೇಶನ್ (ದಿನದ ಕೆಲಸ ಮತ್ತೆ ಮಾಡಿಕೊಳ್ಳಲು ಕಲಿಸುವುದು), ಮೊಬಿಲಿಟಿ ಟ್ರೇನಿಂಗ್ (ಒಬ್ಬರೇ ಓಡಾಡಲು ಕಲಿಸುವುದು). ಅದೇ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ "ಲೋ ವಿಷನ್‌ಗೆ ರೆಫರ್ ಮಾಡಿ" ಅಂತ ನೇರವಾಗಿ ಕೇಳಿ. ಕೇಳಿದರೆ ಹೆಚ್ಚಿನವರು ಬರೆದುಕೊಡುತ್ತಾರೆ. ತಾವಾಗಿ ಹೇಳುವವರು ಕಡಿಮೆ.

ಲೆನ್ಸ್‌ಪೆಟ್ಟಿಗೆ
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕ ಹೊಂದಿಸುವವರು. ಲೋ ವಿಷನ್ ವಿಭಾಗದಲ್ಲಿ ಕೆಲಸ. ಬೇರೆ ಎಲ್ಲದಕ್ಕೂ ಮೊದಲು ಒಂದು ಪ್ರಶ್ನೆ: ಅಪ್ಪ ಈಗಲೂ ಹನಿ ಹಾಕಿಕೊಳ್ಳುತ್ತಿದ್ದಾರಾ?

ಮುಸ್ಸಂಜೆ
ಇಲ್ಲ. "ಏನೂ ಮಾಡೋಕಾಗಲ್ಲ ಅಂದಮೇಲೆ ಅದ್ಯಾಕೆ" ಅಂತ ಮೂರು ವಾರದ ಹಿಂದೆಯೇ ನಿಲ್ಲಿಸಿದರಂತೆ. ನೀವು ಕೇಳಿದ ಮೇಲೆ ಹೋಗಿ ವಿಚಾರಿಸಿದೆ. ನನಗೇ ಗೊತ್ತಿರಲಿಲ್ಲ.

ಲೆನ್ಸ್‌ಪೆಟ್ಟಿಗೆ
ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಿದ್ದನ್ನು ಹೇಳಿ. ಮುಜುಗರ ಬೇಡ, ವಾರಕ್ಕೆ ಒಬ್ಬರಾದರೂ ನಮ್ಮಲ್ಲಿಗೆ ಹೀಗೇ ಬರುತ್ತಾರೆ. ಗ್ಲಾಕೋಮಾದಲ್ಲಿ ಹನಿ ಹಾಕುವುದು ಹೋದ ದೃಷ್ಟಿ ತರುವುದಕ್ಕಲ್ಲ. ಕಣ್ಣಿನ ಒತ್ತಡ ಇಳಿಸಿ, ಉಳಿದ ನರ ಉಳಿಸುವುದಕ್ಕೆ. "ಏನೂ ಮಾಡೋಕೆ ಇಲ್ಲ" ಅನ್ನುವ ಮಾತಿನ ದೊಡ್ಡ ಅಪಾಯ ಇದೇ. ಡಾಕ್ಟರು ಒಂದು ಅರ್ಥದಲ್ಲಿ ಹೇಳುತ್ತಾರೆ, ಮನೆಯವರು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ.

ಹಾಗೇ, ನೀವು ಮತ್ತು ತಮ್ಮ ಇಬ್ಬರೂ ಕಣ್ಣು ತೋರಿಸಿಕೊಳ್ಳಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಾಧ್ಯತೆ ಜಾಸ್ತಿ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಈಗ ಸ್ಟೂಲಿನ ವಿಷಯ. ಅಪ್ಪ ನಾಟಕ ಮಾಡುತ್ತಿಲ್ಲ. ಗ್ಲಾಕೋಮಾ ಸಾಮಾನ್ಯವಾಗಿ ಅಂಚಿನ ನೋಟ ತಿನ್ನುತ್ತದೆ, ನಡುವಿನದು ಕೊನೆವರೆಗೂ ಉಳಿದಿರಬಹುದು. ಒಂದು ಕಾಗದ ಸುರುಳಿ ಮಾಡಿ ಕೊಳವೆಯಂತೆ ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ ಮನೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತೀರಿ, ಕಾಲ ಬಳಿಯ ಬಕೆಟ್ ಒದೆಯುತ್ತೀರಿ. ಆ ನೆಂಟರಿಗೂ ಮಾಡಿಸಿ.

ಭೂತಗನ್ನಡಿ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಕೊಳವೆಯೊಳಗೆ ಅಕ್ಷರ ದೊಡ್ಡದಾದಷ್ಟೂ ಒಂದು ಸಲಕ್ಕೆ ಕಾಣುವ ಅಕ್ಷರ ಕಡಿಮೆ. ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಹಾಳಾದವರಿಗೆ ಇದರ ಉಲ್ಟಾ: ನಡುವೆ ಕಲೆ, ಅಂಚು ಚೆನ್ನ. ಅವರಿಗೆ ದೊಡ್ಡದು ಮಾಡಿದರೆ ಉಪಯೋಗ. ಅದಕ್ಕೇ ಅಂಗಡಿಯಿಂದ ಸುಮ್ನೆ ಲೆನ್ಸ್ ತರಬೇಡಿ ಅನ್ನುವುದು. ನಿಮ್ಮ ಅಪ್ಪನಿಗೆ ಬಹುಶಃ ಬೆಳಕು ಮತ್ತು ಕಾಂಟ್ರಾಸ್ಟ್ ಜಾಸ್ತಿ ಸಹಾಯ ಮಾಡುತ್ತವೆ. ಓದುವ ದೀಪವನ್ನು ಭುಜದ ಹಿಂದಿನಿಂದ, ಹತ್ತಿರಕ್ಕೆ ತನ್ನಿ. ದೀಪದ ದೂರ ಅರ್ಧಕ್ಕೆ ಇಳಿದರೆ ಪುಟದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ ಟೇಪ್ ಅಂಟಿಸಿ. ಬಿಳಿ ಗೋಡೆ ಮೇಲೆ ಬಿಳಿ ಸ್ವಿಚ್‌ಬೋರ್ಡ್ ಇದ್ದರೆ ಸುತ್ತ ಕಪ್ಪು ಪಟ್ಟಿ ಹಾಕಿ. ಹೊರಗೆ ಬಿಸಿಲಿಗೆ ಕಣ್ಣು ಕುಕ್ಕಿದರೆ ಅಂಬರ್ ಬಣ್ಣದ ಫಿಲ್ಟರ್ ಕನ್ನಡಕ ಇದೆ. ಆದರೆ ಹಾಕಿ ನೋಡಿಯೇ ತೆಗೆದುಕೊಳ್ಳಬೇಕು.

ಕ್ಲಿನಿಕ್ಕಿಗೆ ಹೋಗುವಾಗ ಸುತ್ತ ಎಷ್ಟು ಅಗಲ ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ರಿಪೋರ್ಟ್ ಮರೆಯಬೇಡಿ. ಬರೀ ಅಕ್ಷರದ ಬೋರ್ಡ್ ಓದಿಸಿ ಬರೆಯುವ 6/9, 6/18 ಅನ್ನುವ ಅಂಕಿ ತೋರಿಸಿದರೆ "ಇವರಿಗೆ ಚೆನ್ನಾಗಿಯೇ ಕಾಣುತ್ತದಲ್ಲ" ಅಂತ ವಾಪಸ್ ಕಳಿಸುವವರೂ ಇದ್ದಾರೆ. ನೋಟದ ನಡುವಿನಿಂದ ಸುತ್ತ 10 ಡಿಗ್ರಿಗಿಂತ ಕಡಿಮೆ ಉಳಿದಿದ್ದರೆ, ಅಕ್ಷರ ಎಷ್ಟೇ ಚೆನ್ನಾಗಿ ಓದಿದರೂ, ಅದನ್ನು ಅಂಧತ್ವ ಎಂದೇ ಎಣಿಸುವ ದೇಶಗಳು ಬಹಳ. ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕಾದಾಗಲೂ ಇದೇ ಕಾಗದ ಮುಖ್ಯ.

ಹೊಸಬ
ಮಧ್ಯೆ ಬಾಯಿ ಹಾಕುತ್ತೇನೆ. ಇದೆಲ್ಲ ಚಿಕ್ಕವರಿಗೆ ಸರಿ. 60 ದಾಟಿದವರಿಗೆ ಕೋಲು ಹಿಡಿಯುವುದು, ಬ್ರೈಲ್ ಕಲಿಯುವುದು ಅಂದರೆ ಹಿಂಸೆ ಅಲ್ವಾ? ನಮ್ಮ ದೊಡ್ಡಪ್ಪನಿಗೂ ಕಾಣುತ್ತಿರಲಿಲ್ಲ. ಮನೆಯವರೆಲ್ಲ ಸೇರಿ ಚೆನ್ನಾಗಿ ನೋಡಿಕೊಂಡೆವು. ಕೂತಲ್ಲಿಗೇ ಎಲ್ಲ ಸಿಗುತ್ತಿತ್ತು.

ಆರುಚುಕ್ಕಿ
ಹೊಸಬರೇ, ಕೋಪ ಮಾಡಿಕೊಳ್ಳಬೇಡಿ. ಕೂತಲ್ಲಿಗೇ ಎಲ್ಲ ಸಿಕ್ಕರೆ ಏಳುವುದು ಯಾವಾಗ? ನಾನು ದೃಷ್ಟಿ ಕಳೆದುಕೊಂಡ ದೊಡ್ಡವರಿಗೆ 19 ವರ್ಷದಿಂದ ಪಾಠ ಹೇಳುತ್ತಿದ್ದೇನೆ. ನನಗೂ ಕಾಣುವುದಿಲ್ಲ. ಕಲಿಯೋಕೆ ಆಗದೆ ಬಿಟ್ಟವರಿಗಿಂತ, ಮನೆಯವರು ಬಿಡದೆ ಬಿಟ್ಟವರನ್ನೇ ಜಾಸ್ತಿ ಕಂಡಿದ್ದೇನೆ. (ಹೌದು, ನಾವೂ "ಕಂಡಿದ್ದೇನೆ" ಅಂತಲೇ ಹೇಳುತ್ತೇವೆ.)

ಬ್ರೈಲ್ ಬಗ್ಗೆ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಲೂಯಿ ಬ್ರೈಲ್ ತನ್ನ ಆರು ಚುಕ್ಕಿಯ ಲಿಪಿಯನ್ನು 1824ರಲ್ಲಿ ರೂಪಿಸಿದಾಗ ಅವನಿಗೆ 15 ವರ್ಷ. ಚಿಕ್ಕ ಬೆರಳಿಗೆ ಅದು ಬೇಗ ಹತ್ತುತ್ತದೆ. 64ರಲ್ಲಿ ಪುಸ್ತಕ ಓದುವಷ್ಟು ವೇಗ ಬರುವುದು ಕಷ್ಟ, ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದಿದ್ದರೆ ಇನ್ನೂ ಕಷ್ಟ. ಆದರೆ ಪುಸ್ತಕವೇ ಯಾಕೆ? ಅಂಕಿಗಳು ಮತ್ತು ಹತ್ತು ಅಕ್ಷರ ಬಂದರೆ ಔಷಧಿ ಡಬ್ಬಿ, ಫೈಲು, ಕೀ ಗೊಂಚಲು ಗುರುತಿಸಬಹುದು. ಅದೂ ಬೇಡವೇ? ಬೆಳಗಿನ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು. ಗ್ಯಾಸ್ ಒಲೆಯ ನಾಬ್ ಮೇಲೆ, ವಾಷಿಂಗ್ ಮಷೀನ್ ಗುಂಡಿ ಮೇಲೆ ಉಬ್ಬುಚುಕ್ಕಿಯ ಸ್ಟಿಕ್ಕರ್. ಇದಕ್ಕೆ ಕೋರ್ಸ್ ಬೇಕಿಲ್ಲ.

ಮುಸ್ಸಂಜೆ ಅವರೇ, ಈಗ ನಿಮಗೆ ಒಂದು ಮಾತು. ನೀವು ಬರೆದದ್ದನ್ನು ಎರಡು ಸಲ ಕೇಳಿಸಿಕೊಂಡೆ. ಅಪ್ಪನಿಗೆ ಏನು ಬೇಕು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. "ಗ್ಲಾಕೋಮಾಕ್ಕೆ ಏನು ಸಹಾಯ ಇದೆ" ಅಂತ ಕೇಳಿದರೆ ನಾವೆಲ್ಲ ಸೇರಿ ನಿಮ್ಮ ತಲೆ ಮೇಲೆ ಒಂದು ಲಾರಿ ಮಾಹಿತಿ ಸುರಿಯುತ್ತೇವೆ, ಈಗಾಗಲೇ ಸುರಿಯುತ್ತಿದ್ದೇವೆ. ಅವರನ್ನೇ ಕೇಳಿ: ದಿನದಲ್ಲಿ ಯಾವ ಕೆಲಸ ನಿಂತುಹೋಗಿದ್ದು ಜಾಸ್ತಿ ಬೇಜಾರು? ಆ ಉತ್ತರ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋಗಿ. ಒಳ್ಳೆಯ ಲೋ ವಿಷನ್ ಕ್ಲಿನಿಕ್ಕಿನಲ್ಲಿ ಮೊದಲು ಕೇಳುವ ಪ್ರಶ್ನೆಯೂ ಅದೇ.

ಲೆನ್ಸ್‌ಪೆಟ್ಟಿಗೆ
ಒಪ್ಪಿದೆ, ಲಾರಿ ನನ್ನದೇ. 🙂

ಅರ್ಧರಾತ್ರಿ
ಬಹಳ ದಿನದಿಂದ ಓದುತ್ತಿದ್ದೇನೆ, ಇವತ್ತೇ ಮೊದಲು ಬರೆಯುತ್ತಿರುವುದು. ಸ್ವಲ್ಪ ಬೇರೆ ವಿಷಯ. ಬೇರೆ ಕಡೆ ಕೇಳಲು ಧೈರ್ಯ ಇಲ್ಲ.

ಅಮ್ಮನಿಗೆ 78. ಮ್ಯಾಕ್ಯುಲಾ ತೊಂದರೆ, ಎರಡೂ ಕಣ್ಣು. ಎರಡು ತಿಂಗಳಿಂದ ಸಂಜೆ ಹೊತ್ತು ಗೋಡೆ ಮೇಲೆ ಬಳ್ಳಿಯ ಚಿತ್ತಾರ ಹರಡಿದ ಹಾಗೆ, ಬಾಗಿಲ ಹತ್ತಿರ ಕುಳ್ಳ ಜನ ಸಾಲಾಗಿ ನಿಂತ ಹಾಗೆ ಕಾಣುತ್ತದಂತೆ. ಮಾತಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾರಂತೆ. "ಅವರು ನಿಜವಾಗಿ ಇಲ್ಲ ಅಂತ ನನಗೂ ಗೊತ್ತು ಕಣೋ, ಆದರೂ ಕಾಣ್ತಾರೆ" ಅಂದರು. ಮನೆಯಲ್ಲಿ ಬೇರೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ. ತಲೆಗೆ ಏನಾದರೂ ಆಗಿದೆಯಾ?

ಲೆನ್ಸ್‌ಪೆಟ್ಟಿಗೆ
ಒಳ್ಳೆಯದಾಯಿತು ಬರೆದದ್ದು. ನೀವು ಹೇಳಿದ್ದು ಚಾರ್ಲ್ಸ್ ಬೊನೆ ಸಿಂಡ್ರೋಮ್‌ಗೆ ಬಹಳ ಹೊಂದುತ್ತದೆ. ಬೊನೆ ಅನ್ನುವ ಸ್ವಿಸ್ ವಿಜ್ಞಾನಿ 1760ರಲ್ಲೇ ಇದನ್ನು ಬರೆದಿಟ್ಟ. ದೃಷ್ಟಿ ಮಸುಕಾಗಿದ್ದ ಅವನ ತಾತನಿಗೆ ಇಲ್ಲದ ಜನ, ಹಕ್ಕಿ, ಗಾಡಿ, ಕಟ್ಟಡ ಕಾಣುತ್ತಿದ್ದವು. ತಾತನ ಬುದ್ಧಿ ಸರಿಯಾಗಿಯೇ ಇತ್ತು. ಕಣ್ಣಿನಿಂದ ಬರಬೇಕಾದ ಸುದ್ದಿ ನಿಂತಾಗ ಮಿದುಳು ತಾನೇ ಚಿತ್ರ ಹುಟ್ಟಿಸುತ್ತದೆ. ಚಿತ್ರ ಮಾತ್ರ, ದನಿ ಇರುವುದಿಲ್ಲ. ಇದು ನಿಜ ಅಲ್ಲ ಅನ್ನುವುದು ನೋಡುವವರಿಗೂ ಗೊತ್ತಿರುತ್ತದೆ. ಅಮ್ಮ ಹೇಳಿದ್ದೂ ಅದೇ ತಾನೇ?

ಆದರೂ ಡಾಕ್ಟರಿಗೆ ಒಮ್ಮೆ ಹೇಳಲೇಬೇಕು. ಕೆಲವು ಔಷಧಿಗಳಿಂದ, ಬೇರೆ ಕಾಯಿಲೆಗಳಿಂದಲೂ ಇಲ್ಲದ್ದು ಕಾಣಬಹುದು. ಹಾಗೇನೂ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕಲ್ಲ. ದನಿ ಕೇಳಿಸಿದರೆ, ಅಥವಾ ನಿಜ ಅಂತಲೇ ನಂಬಲು ಶುರು ಮಾಡಿದರೆ ತಡ ಮಾಡಬೇಡಿ. ಚಿತ್ರ ಬಂದಾಗ ಕೋಣೆಯ ಲೈಟ್ ಹಾಕಿ ಅಥವಾ ಆರಿಸಿ ನೋಡಿ. ಕಣ್ಣನ್ನು ಎಡಕ್ಕೆ, ಬಲಕ್ಕೆ ಆಡಿಸಲಿ, ಎದ್ದು ನಾಲ್ಕು ಹೆಜ್ಜೆ ಹಾಕಲಿ. ಎಷ್ಟೋ ಜನರಿಗೆ ಅಷ್ಟಕ್ಕೇ ಹೋಗುತ್ತದೆ.

ಅರ್ಧರಾತ್ರಿ
ಅಮ್ಮನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "1760ರಿಂದ ಇದೆಯಂತಾ?" ಅಂದರು. ಇವತ್ತು ಊಟ ಸರಿಯಾಗಿ ಮಾಡಿದರು.

ಕೋಲುಹಿಡಿದವ
ಫೋನಿನ ಬಗ್ಗೆ ಯಾರೂ ಬರೆದಿಲ್ಲ, ಅದು ನನ್ನ ಪಾಲಿಗೆ ಇರಲಿ.

ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ತೆರೆಯ ಮೇಲಿರುವುದನ್ನು ಓದಿ ಹೇಳುವ ಇವೆರಡೂ ಫೋನಿನೊಳಗೇ ಬಂದಿರುತ್ತವೆ. ಟಾಕ್‌ಬ್ಯಾಕ್ ಕನ್ನಡವನ್ನೂ ಓದುತ್ತದೆ. ಒಂದು ಸಲ ಮುಟ್ಟಿದರೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿನಲ್ಲಿ ಎಳೆದರೆ ಪುಟ ಸರಿಯುತ್ತದೆ. ದಯವಿಟ್ಟು ಮೊದಲು ಆಫ್ ಮಾಡುವುದನ್ನು ಕಲಿತುಕೊಳ್ಳಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ನಮ್ಮ ಭಾವ "ಏನಿದು ನೋಡೋಣ" ಅಂತ ಆನ್ ಮಾಡಿ, ಆಫ್ ಮಾಡಲು ಬಾರದೆ ಇಡೀ ದಿನ ಫೋನಿನ ಕೈಲಿ ಬೈಸಿಕೊಂಡರು.

ಅಪ್ಪನಿಗೆ ಇನ್ನೂ ಅಕ್ಷರ ಕಾಣುತ್ತದೆ ಅಂದಿರಿ. ಹಾಗಾದರೆ ಈಗಲೇ ಮಾತಾಡುವ ಫೋನು ಬೇಡ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಮಾಡಿಕೊಟ್ಟು ನೋಡಿ. ಆದರೆ ಕಾಣುತ್ತಿರುವಾಗಲೇ ದಿನಕ್ಕೆ ಹತ್ತು ನಿಮಿಷ ಟಾಕ್‌ಬ್ಯಾಕ್ ಆಡಿಕೊಂಡರೆ ಮುಂದೆ ಬಹಳ ಹಗುರ. ನಾನು ಹಟ ಮಾಡಿ ತಡ ಮಾಡಿದೆ, ಒಂದೇ ಸಲ ಎಲ್ಲ ಕಲಿಯಬೇಕಾಯಿತು.

ಕಂಪ್ಯೂಟರ್ ಬಳಸುವವರಾದರೆ ಅದರ ತೆರೆ ಓದಿ ಹೇಳುವ ಎನ್‌ವಿಡಿಎ ಇದೆ, ಪೂರ್ತಿ ಉಚಿತ. ಮೈಕಲ್ ಕರ್ರನ್, ಜೇಮ್ಸ್ ತೆ ಎಂಬ ಇಬ್ಬರು ಕಾಣದ ಆಸ್ಟ್ರೇಲಿಯನ್ನರು 2006ರಲ್ಲಿ ಶುರು ಮಾಡಿದ್ದು. ಅದರೊಳಗಿನ ದನಿಗೆ ಕನ್ನಡವೂ ಬರುತ್ತದೆ, ಸ್ವಲ್ಪ ಮೂಗಿನಲ್ಲಿ ಮಾತಾಡಿದಂತೆ. ಒಂದು ವಾರದಲ್ಲಿ ಕಿವಿಗೆ ಒಗ್ಗುತ್ತದೆ.

ಇನ್ನೊಂದು, ಬಿ ಮೈ ಐಸ್. ಡೆನ್ಮಾರ್ಕಿನಲ್ಲಿ 2015ರಲ್ಲಿ ಶುರುವಾದ ಆ್ಯಪ್. ಕರೆ ಮಾಡಿದರೆ ನಿಮ್ಮ ಭಾಷೆಯ ಸ್ವಯಂಸೇವಕರೊಬ್ಬರು ಕ್ಯಾಮೆರಾದಲ್ಲಿ ನೋಡಿ ಹೇಳುತ್ತಾರೆ: ಈ ಶರ್ಟ್ ಯಾವ ಬಣ್ಣ, ಈ ಔಷಧಿಯ ತಾರೀಕು ಮುಗಿದಿದೆಯಾ. ಅಲ್ಲಿ ಸಹಾಯ ಕೇಳುವವರಿಗಿಂತ ಕೊಡಲು ಕಾದವರೇ ಎಷ್ಟೋ ಪಟ್ಟು. ಬ್ಯಾಂಕ್ ಕಾರ್ಡು, ಒಟಿಪಿ ಮಾತ್ರ ತೋರಿಸಬೇಡಿ.

ಪುಸ್ತಕ ಓದುವವರಾದರೆ, ಕೇಳುವ ಪುಸ್ತಕದ ಲೈಬ್ರರಿಗಳಿಗೆ ಸದಸ್ಯರಾಗಿ. 2013ರ ಮರ್ರಾಕೇಶ್ ಒಪ್ಪಂದ 2016ರಲ್ಲಿ ಜಾರಿಗೆ ಬಂತು. ಅದಕ್ಕೆ ಸೇರಿದ ದೇಶಗಳು ಕಾಣದವರಿಗಾಗಿ ಪುಸ್ತಕವನ್ನು ಆಡಿಯೊ, ಬ್ರೈಲ್, ಡಿಜಿಟಲ್ ರೂಪಕ್ಕೆ ತರುವುದಕ್ಕೆ ಲೇಖಕರ ಒಪ್ಪಿಗೆಗೆ ಕಾಯಬೇಕಿಲ್ಲ, ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸಲೂಬಹುದು. ಸದಸ್ಯರಾಗಲು ಸಾಮಾನ್ಯವಾಗಿ ಡಾಕ್ಟರ ಪತ್ರ ಕೇಳುತ್ತಾರೆ. ಹೇಗೂ ಹೋಗುತ್ತೀರಲ್ಲ, ಅದನ್ನೂ ಬರೆಸಿಕೊಳ್ಳಿ.

ಮುಸ್ಸಂಜೆ
ಡಾಕ್ಟರಿಗೆ ಫೋನ್ ಮಾಡಿದೆ. ಹನಿ ಮತ್ತೆ ಶುರುವಾಗಿದೆ, ಒತ್ತಡ ನೋಡಲು ಮುಂದಿನ ವಾರ ಬರಲು ಹೇಳಿದ್ದಾರೆ. ಲೋ ವಿಷನ್‌ಗೆ ಚೀಟಿ ಕೇಳಿದೆ. "ಓ, ಬೇಕಾ?" ಅಂತ ಒಂದು ನಿಮಿಷದಲ್ಲಿ ಬರೆದುಕೊಟ್ಟರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆರುಚುಕ್ಕಿ ಅವರು ಹೇಳಿದಂತೆ ಅಪ್ಪನನ್ನೇ ಕೇಳಿದೆ. ಪೇಪರ್ ಓದುವುದು ಅನ್ನುತ್ತಾರೆ ಅಂದುಕೊಂಡಿದ್ದೆ. ಎರಡು ಹೇಳಿದರು. ಒಂದು, ಸಂಜೆ ಯಾರ ಕೈಯೂ ಹಿಡಿಯದೆ ರಸ್ತೆ ಕೊನೆವರೆಗೆ ನಡೆದು ಬರಬೇಕು. ಇನ್ನೊಂದು, ರಾತ್ರಿ ಎಚ್ಚರ ಆದಾಗ ಗಂಟೆ ಎಷ್ಟು ಅಂತ ಅಮ್ಮನನ್ನು ಎಬ್ಬಿಸಿ ಕೇಳುವ ಹಾಗಿರಬಾರದು. ಮಬ್ಬು ಬೆಳಕಿನಲ್ಲಿ ಗೋಡೆ ಗಡಿಯಾರ ಕಾಣದೆ ಒಂದು ವರ್ಷವಾಗಿದೆಯಂತೆ. ಇದೊಂದು ತೊಂದರೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಆರುಚುಕ್ಕಿ
ಎರಡಕ್ಕೂ ದಾರಿ ಇದೆ. ಎರಡನೆಯದು ಸುಲಭ, ಮಾತಾಡುವ ವಾಚು. ಒಂದು ಗುಂಡಿ ಒತ್ತಿದರೆ ಗಂಟೆ ಹೇಳುತ್ತದೆ.

ಮೊದಲನೆಯದಕ್ಕೆ ಮೊಬಿಲಿಟಿ ಟ್ರೇನರ್ ಬೇಕು. ಕೋಲನ್ನು ಕೊಂಡು ಕೈಗೆ ಕೊಟ್ಟರೆ ಆಗುವುದಿಲ್ಲ. ಉದ್ದ ಅವರ ಎತ್ತರಕ್ಕೆ ಹೊಂದಬೇಕು, ಸಾಮಾನ್ಯವಾಗಿ ನೆಲದಿಂದ ಎದೆಮೂಳೆಯವರೆಗೆ. ಬಲಗಾಲು ಮುಂದೆ ಹೋದಾಗ ತುದಿ ಎಡಕ್ಕೆ ತಟ್ಟಬೇಕು, ಎಡಗಾಲಿಗೆ ಬಲಕ್ಕೆ. ಹಾಗೆ ಮಾಡಿದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಕಲಿಸುತ್ತಾ ರಿಚರ್ಡ್ ಹೂವರ್ ಎಂಬಾತ ರೂಢಿಸಿದ ಕ್ರಮ ಇದು, ಇವತ್ತಿಗೂ ಇದನ್ನೇ ಕಲಿಸುತ್ತೇವೆ. ಸ್ವಲ್ಪ ಕಾಣುವವರಿಗೆ ಕಣ್ಣನ್ನು ಕ್ರಮವಾಗಿ ಆಡಿಸಿ ಸುತ್ತ ನೋಡುವುದನ್ನೂ ಹೇಳಿಕೊಡುತ್ತಾರೆ.

ಟ್ರೇನರ್ ಸಿಗುವವರೆಗೆ ನೀವೂ ಒಂದು ಕಲಿಯಿರಿ. ಅಪ್ಪನ ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ತಳ್ಳಬೇಡಿ. ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದರೆ ಒಂದು ಕ್ಷಣ ನಿಂತು, ಹತ್ತುವುದೋ ಇಳಿಯುವುದೋ ಹೇಳಿ. ಮನೆಯೊಳಗೆ ಬಾಗಿಲು ಪೂರ್ತಿ ತೆರೆದಿರಲಿ, ಇಲ್ಲಾ ಪೂರ್ತಿ ಮುಚ್ಚಿರಲಿ. ಅರೆ ತೆರೆದ ಬಾಗಿಲಿನ ಅಂಚು ಹಣೆಗೆ ಬಡಿದಷ್ಟು ನನಗೆ ಯಾವ ಕಂಬವೂ ಬಡಿದಿಲ್ಲ.

ಮುಸ್ಸಂಜೆ
ಅಂಥ ಟ್ರೇನರ್ ಸಿಗುವುದೆಲ್ಲಿ? ಎರಡು ಕಡೆ ಫೋನ್ ಮಾಡಿದೆ. ಒಂದು ಕಡೆ ಮಕ್ಕಳಿಗೆ ಮಾತ್ರ ಅಂದರು. ಇನ್ನೊಂದು ಕಡೆ ಕೆಲಸ ಹುಡುಕುವ ವಯಸ್ಸಿನವರಿಗೆ ಮಾತ್ರ ಅಂತೆ.

ಕೋಲುಹಿಡಿದವ
ಈ "ಮಾತ್ರ" ನಮ್ಮೆಲ್ಲರಿಗೂ ಸಿಕ್ಕಿದೆ. ದೃಷ್ಟಿ ಕಳೆದುಕೊಂಡವರಲ್ಲಿ ಹೆಚ್ಚಿನವರು 50 ದಾಟಿದವರು, ಸೇವೆಗಳು ಮಾತ್ರ ಶಾಲೆ, ಕೆಲಸ ಅಂತ ನಿಂತುಬಿಡುತ್ತವೆ. ಆದರೆ "ಇಲ್ಲ" ಅಂದಾಗ ಫೋನ್ ಇಡಬೇಡಿ. "ನಿಮ್ಮ ಮಕ್ಕಳಿಗೆ ಕೋಲು ನಡಿಗೆ ಕಲಿಸುವವರು ಯಾರು? ಅವರು ಬಿಡುವಿನಲ್ಲಿ ದೊಡ್ಡವರಿಗೂ ಹೇಳಿಕೊಡುತ್ತಾರಾ?" ಅಂತ ಕೇಳಿ. ಸಂಸ್ಥೆಗೆ ವಯಸ್ಸಿನ ಮಿತಿ ಇರುತ್ತದೆ, ಟ್ರೇನರ್‌ಗೆ ಇರುವುದಿಲ್ಲ. ನನಗೆ ಟ್ರೇನರ್ ಸಿಕ್ಕಿದ್ದು ಹಾಗೆಯೇ.

ಇನ್ನೊಂದು ದಾರಿ, ಕಾಣದವರೇ ನಡೆಸುವ ಸಂಘಗಳು. ವರ್ಲ್ಡ್ ಬ್ಲೈಂಡ್ ಯೂನಿಯನ್ ಅಂತ 1984ರಿಂದ ಇದೆ. ಬಹುತೇಕ ಎಲ್ಲ ದೇಶಗಳಲ್ಲೂ ಅದಕ್ಕೆ ಸದಸ್ಯ ಸಂಘಗಳಿವೆ. ದೇಶದ ಸಂಘ ಹಿಡಿದರೆ ಅಲ್ಲಿಂದ ಹತ್ತಿರದವರು ಸಿಗುತ್ತಾರೆ. ಅಲ್ಲಿ ಫೋನ್ ಎತ್ತುವವರಿಗೂ ಎಷ್ಟೋ ಸಲ ಕಾಣುವುದಿಲ್ಲ, ಅದೇ ಲಾಭ. ನಿಮ್ಮ ಅರ್ಧ ವಾಕ್ಯಕ್ಕೇ ಅವರಿಗೆ ಅರ್ಥವಾಗುತ್ತದೆ. ಮನೆಗೆ ಬಂದು ಕಲಿಸುತ್ತಾರಾ, ಯಾವ ಕಾಗದ ಬೇಕು, ಎಷ್ಟು ದಿನ ಕಾಯಬೇಕು, ಇವಿಷ್ಟು ಕೇಳಿ ಬರೆದಿಟ್ಟುಕೊಳ್ಳಿ.

ಆ ವೀಡಿಯೊದವರು ಫೋನ್ ಮಾಡಿದರೆ ಮಾತ್ರ ಬೇಗ ಇಡಿ. ಗ್ಲಾಕೋಮಾದಲ್ಲಿ ಹೋದ ನರವನ್ನು ವಾಪಸ್ ತರುವ ಚಿಕಿತ್ಸೆ ಇವತ್ತಿಗೆ ಯಾರ ಹತ್ತಿರವೂ ಇಲ್ಲ.

ಹೊಸಬ
ಆ ಕಾಗದದ ಕೊಳವೆ ಮಾಡಿ ನೋಡಿದೆ. ಮನೆಯಲ್ಲೇ ಎರಡು ಸಲ ಬಾಗಿಲಿಗೆ ಡಿಕ್ಕಿ. ದೊಡ್ಡಪ್ಪ ಯಾಕೆ ಯಾವಾಗಲೂ ಗೋಡೆ ಪಕ್ಕದಲ್ಲೇ ಕೂರುತ್ತಿದ್ದರು ಅಂತ ಈಗ ಗೊತ್ತಾಯಿತು. ಏನು ಬೇಕು ಅಂತ ನಾವು ಒಂದು ದಿನವೂ ಕೇಳಿರಲಿಲ್ಲ.

ಮುಸ್ಸಂಜೆ
ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಕೋಲುಹಿಡಿದವರ ಉಪಾಯ ಫಲಿಸಿತು. "ಮಕ್ಕಳಿಗೆ ಮಾತ್ರ" ಅಂದಿದ್ದ ಕಡೆಯ ಮೇಷ್ಟ್ರೇ ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದಾರೆ. ಮೊದಲ ವಾರ ಅಪ್ಪ ಕೋಲನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಗೇಟು ದಾಟಿದರು, ಬೀದಿಯವರು ನೋಡುತ್ತಾರೆ ಅಂತ. ಮೇಷ್ಟ್ರು ಏನೂ ಅನ್ನಲಿಲ್ಲ. ನಿನ್ನೆ ಬಿಚ್ಚಿ ಹಿಡಿದು ರಸ್ತೆ ಕೊನೆವರೆಗೆ ಹೋಗಿ ಬಂದರು. ಮೇಷ್ಟ್ರು ಇಪ್ಪತ್ತು ಹೆಜ್ಜೆ ಹಿಂದೆ, ನಾನು ಕಿಟಕಿಯಲ್ಲಿ. ಕ್ಲಿನಿಕ್ಕಿನಲ್ಲಿ ದೀಪ, ಫಿಲ್ಟರ್ ಕನ್ನಡಕ ಎರಡೂ ಹೊಂದಿದವು. ನನ್ನ ಮತ್ತು ತಮ್ಮನ ಕಣ್ಣು ಸದ್ಯಕ್ಕೆ ಸರಿ ಇವೆ.

ವಾಚು ಮಾತ್ರ ಜಗಳ ತಂದಿದೆ. ರಾತ್ರಿ ಮೂರು ಗಂಟೆಗೆ ಅದು ಜೋರಾಗಿ ಟೈಮ್ ಹೇಳುತ್ತದೆ, ಅಮ್ಮನಿಗೆ ಎಚ್ಚರವಾಗುತ್ತದೆ. "ಮೊದಲು ಇವರೊಬ್ಬರೇ ಎಬ್ಬಿಸುತ್ತಿದ್ದರು, ಈಗ ಇನ್ನೊಬ್ಬಳು" ಅನ್ನುತ್ತಾರೆ. ದನಿ ಕಡಿಮೆ ಮಾಡುವ ಗುಂಡಿ ಅದರಲ್ಲಿ ಇಲ್ಲ.

ಆರುಚುಕ್ಕಿ
ಅಯ್ಯೋ, ತಪ್ಪು ನನ್ನದೇ. ಗಾಜಿನ ಮುಚ್ಚಳ ತೆರೆದು ಮುಳ್ಳು ಮುಟ್ಟಿ ನೋಡುವ ವಾಚು ಬರುತ್ತದೆ, ಅದನ್ನು ಕೊಡಿಸಿ. ನಾನು ಕಟ್ಟುವುದೂ ಅದನ್ನೇ. ನಮ್ಮ ಮನೆಯಲ್ಲೂ ಒಬ್ಬರಿಗೆ ನಿದ್ದೆ ಹಗುರ.